ಹನ್ನೆರಡು ಬಾಗಿಲಿನ ಸುತ್ತು

ಗೋದಾಮಿನ ಹಗಲು ಕಾವಲಿಗೆ ನಾವಿಬ್ಬರು, ನಾನು ಮತ್ತು ಅಕ್ಕನ ಗಂಡ. ಗಂಟೆಗೊಮ್ಮೆ ಒಬ್ಬೊಬ್ಬರೂ ಆರಾರು ಬಾಗಿಲು ಸುತ್ತಿ, ಪ್ರತಿ ಬಾಗಿಲಲ್ಲೂ ಇರುವ ಯಂತ್ರಕ್ಕೆ ಅವರವರ ಕಾರ್ಡು ತೋರಿಸಬೇಕು. ನಡೆದರೆ ಆರಕ್ಕೇ ಮುಕ್ಕಾಲು ಗಂಟೆ.

ಹೊರೆ ಹೊತ್ತು ಆರು ದಿನ ಓಡುವ ಪಂದ್ಯಕ್ಕೆ ನಾನು ಹೆಸರು ಕೊಟ್ಟಿದ್ದೆ. ಅಭ್ಯಾಸಕ್ಕೆ ಬೇರೆ ಹೊತ್ತು ಎಲ್ಲಿಂದ ತರಲಿ? ಹತ್ತು ಕಿಲೋ ಮರಳಿನ ಚೀಲ ಬೆನ್ನಿಗೇರಿಸಿ ಆ ಸುತ್ತನ್ನೇ ಓಡತೊಡಗಿದೆ. ಆರು ಬಾಗಿಲು ಸಾಲದೆ, ಭಾವನ ಆರನ್ನೂ ಸೇರಿಸಿಕೊಂಡೆ.

"ಓಡಪ್ಪ, ನಿನ್ನ ರಜಕ್ಕೆ ನಾನಿದ್ದೀನಲ್ಲ" ಎಂದು ಭಾವ ಕುರ್ಚಿಯಲ್ಲಿ ಕಾಲು ಚಾಚಿದರು.

ಪಂದ್ಯಕ್ಕೆ ವಾರವಿದ್ದಾಗ ರಜೆ ಚೀಟಿ ಹಿಡಿದು ಮೇಲ್ವಿಚಾರಕರ ಮುಂದೆ ನಿಂತೆ. ಅವರು ಕಾರ್ಡಿನ ಪಟ್ಟಿ ನನ್ನತ್ತ ತಿರುಗಿಸಿದರು.

"ಹನ್ನೆರಡರಲ್ಲೂ ನಿಂದೇ ಕಾರ್ಡು. ಒಬ್ಬ ಸಾಕು ಅಂತ ನಿಮ್ಮ ಭಾವನ್ನ ಬೆಳಿಗ್ಗೆನೇ ಕೆಲಸದಿಂದ ಬಿಡಿಸಿದ್ವಿ."

"ನನ್ನ ರಜ, ಸಾರ್?"

"ನೀನೂ ಹೋದ್ರೆ ಸುತ್ತೋರು ಯಾರಯ್ಯ?"

ಹೊರಬಂದವನೇ ಸಿಟ್ಟಿನಿಂದ ಮರಳನ್ನೆಲ್ಲ ಅಂಗಳಕ್ಕೆ ಸುರಿದೆ. ಅಷ್ಟರಲ್ಲಿ ಗಂಟೆಯಾಯಿತು. ಓಡಲೇಬೇಕಾಯಿತು; ನಡೆದರೆ ಹನ್ನೆರಡು ಬಾಗಿಲು ಮುಗಿಯುವುದಿಲ್ಲ.