ಮೋನಾಳ ತುಟಿ, ರುಕ್ಮಾಬಾಯಿಯ ದನಿ

ನಾನು ಒಂದು ಮೈಕು. ಕಡಲಾಚೆಯ ಚಳಿ ದೇಶವೊಂದರ ಕಾರ್ಖಾನೆಯಲ್ಲಿ ಹುಟ್ಟಿದೆ. ಬೆಂಗಳೂರಿನ ದೊಡ್ಡ ಸ್ಟುಡಿಯೋದಲ್ಲಿ ಭಕ್ತಿಗೀತೆ ಕೇಳುತ್ತ ನನ್ನ ಯೌವನ ಕಳೆಯಿತು. ಅಲ್ಲಿ ಹಾಡುವವರು ಚಪ್ಪಲಿ ಬಿಟ್ಟು ನನ್ನೆದುರು ನಿಲ್ಲುತ್ತಿದ್ದರು. ಹೊಸ ಯಂತ್ರಗಳು ಬಂದ ಮೇಲೆ ಗಾಂಧಿನಗರದ ಅಂತೋಣಿ ನನ್ನನ್ನು ಕೊಂಡುಕೊಂಡ. ಲಾಡ್ಜೊಂದರ ನೆಲಮಾಳಿಗೆಯಲ್ಲಿ ಅವನದೊಂದು ಡಬ್ಬಿಂಗ್ ಕೋಣೆಯಿತ್ತು. ಗೋಡೆಗೆಲ್ಲ ಗೋಣಿತಟ್ಟು. ಫ್ಯಾನು ಹಾಕಿದರೆ ಸದ್ದು, ನಿಲ್ಲಿಸಿದರೆ ಬೆವರು.

ಅಲ್ಲಿಗೆ ಬರುತ್ತಿದ್ದುದು ಥಿಯೇಟರಿನ ಮುಖ ಕಾಣದೆ ನೇರ ವಿಡಿಯೋ ಕ್ಯಾಸೆಟ್ಟಾಗುವ ಚಿತ್ರಗಳು. ಡಬ್ಬಿಯ ಮೇಲೆ ಒದ್ದೆ ಸೀರೆಯ ಹೆಣ್ಣು, ಅವಳ ಬೆನ್ನ ಹಿಂದೆ ಚಾಕು. ಅಂಗಡಿಯವರು ಅವನ್ನು ಕೌಂಟರಿನ ಕೆಳಗಿಟ್ಟು, ಪೌರಾಣಿಕ ಚಿತ್ರದ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆಂದು ಅಂತೋಣಿ ನಗುತ್ತ ಹೇಳುತ್ತಿದ್ದ. ಪ್ರತಿ ಚಿತ್ರದಲ್ಲೂ ಅದೇ ಬಾಡಿಗೆ ಬಂಗಲೆ, ಅದೇ ಕೆಂಪು ಪರದೆ, ನೀರಿಲ್ಲದ ಈಜುಕೊಳ, ಜೋಲುವ ಯೂನಿಫಾರಂ ತೊಟ್ಟ ಇನ್ಸ್‌ಪೆಕ್ಟರು. ಟೈಟಲ್ ಮುಗಿಯುವಷ್ಟರಲ್ಲೇ ಕೊಲೆಗಾರ ಯಾರೆಂದು ಗೊತ್ತಾಗುತ್ತಿತ್ತು. ಗೊತ್ತಾಗದಿದ್ದರೆ ಅದು ನಿರ್ದೇಶಕನಿಗೂ ಗೊತ್ತಿಲ್ಲವೆಂದೇ ಅರ್ಥ.

ಆ ಚಿತ್ರಗಳ ಹೆಣ್ಣುಗಳಿಗೆ ದನಿ ಕೊಡುತ್ತಿದ್ದವಳು ರುಕ್ಮಾಬಾಯಿ. ಇಳಕಲ್ಲ ಕಡೆಯವಳು. ನಾಟಕ ಕಂಪನಿ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಬೆಂಗಳೂರು ಸೇರಿದ್ದಳು. ಹಣೆಯಗಲ ಕುಂಕುಮ, ಹೆಗಲ ತುಂಬ ಸೆರಗು, ಕೈಯಲ್ಲಿ ಜೀರಿಗೆ ಕಷಾಯದ ಫ್ಲಾಸ್ಕು. ನನ್ನೆದುರು ನಿಂತು ನಿಟ್ಟುಸಿರು ಬಿಡುವಳು, ನರಳುವಳು, ಕಿರಿಚುವಳು. ರೆಕಾರ್ಡಿಂಗಿನ ಕೆಂಪು ದೀಪ ಆರಿದ್ದೇ ತಡ, ‘ಅಂತೋಣಿ, ಫ್ಯಾನ್ ಹಾಕೋ ಮಾರಾಯಾ, ಜೀವ ಹೋಗ್ಲಿಕ್ಕತ್ತೇತಿ’ ಎನ್ನುವಳು.

ಚಿತ್ರದ ನಾಯಕಿಯರೆಲ್ಲ ಮುಂಬೈಯವರು, ಕನ್ನಡ ಬಾರದವರು. ನಿರ್ದೇಶಕ ಕುಬೇರಪ್ಪ ಅವರಿಂದ ಮಾತಿನ ಬದಲು ಅಂಕಿ ಹೇಳಿಸುತ್ತಿದ್ದ. ತುಟಿ ಅಲ್ಲಾಡಿದರೆ ಅವನಿಗೆ ಸಾಕು.

‘ಈಕಿ ಪಾಂಚ್ ಛೇ ಸಾತ್ ಅಂತಾಳ. ಅದಕ್ಕ ನಾ ನನ್ನ ಗಂಡ ಊರಲ್ಲಿಲ್ಲ ಅಂತ ಕೂಡಸಬೇಕು. ಎಲ್ಲಿ ಕೂಡತೈತ್ರೀ?’ ಎಂದು ರುಕ್ಮಾಬಾಯಿ ಕೇಳುವಳು.

‘ತುಟಿ ಯಾರಮ್ಮ ನೋಡ್ತಾರೆ?’ ಎನ್ನುವನು ಕುಬೇರಪ್ಪ.

ಆದರೂ ಅವಳಿಗೆ ಆ ಚಿತ್ರಗಳ ಮೇಲೆ ಪೂರಾ ತಾತ್ಸಾರವಿರಲಿಲ್ಲ. ಒಮ್ಮೆ ಅಂತೋಣಿಗೆ ಹೇಳಿದಳು: ‘ಕಂಪನ್ಯಾಗ ಹರೇದಾಗಿಂದ ಪತಿವ್ರತಿ ಪಾರ್ಟ್ ಮಾಡಿ ಅತ್ತೇನಿ. ನನಗ ಇದು ಬೇಕು ಅಂತ ಒಂದು ಮಾತು ಯಾರೂ ಬರಕೊಡ್ಲಿಲ್ಲ. ಈ ಹಾಳ ಪಿಚ್ಚರ್‌ನ್ಯಾಗಿನ ಹೆಣ್ಣು ಬಾಯಿಬಿಟ್ಟು ಬೇಕು ಅಂತಾಳ ನೋಡು. ಅಂದ್ಲು ಅಂತ ಕಡೀಕ ಕೊಂದ ಬಿಡ್ತಾರ, ಆ ಮಾತು ಬ್ಯಾರೆ.’

ಒಂದು ಚಿತ್ರದ ಕೊನೆಯ ದೃಶ್ಯ ಅವಳನ್ನು ಬಹಳ ಸತಾಯಿಸಿತು. ಪೈಪಿನ ಮಳೆಯಲ್ಲಿ ನೆನೆಯುತ್ತ ನಾಯಕಿ ಮೋನಾ ಕುಸಿದು ಸಾಯುತ್ತಾಳೆ. ಕುಬೇರಪ್ಪ ಬರೆದ ಮಾತು, ‘ನನ್ನ ಪಾಪಕ್ಕೆ ತಕ್ಕ ಶಿಕ್ಷೆಯಾಯಿತು.’ ಆದರೆ ಮೋನಾಳ ತುಟಿ ಅಲ್ಲಿ ಅಂಕಿ ಎಣಿಸುತ್ತಿರಲಿಲ್ಲ, ಬೇರೇನೋ ಹೇಳುತ್ತಿತ್ತು. ರುಕ್ಮಾಬಾಯಿ ಮತ್ತೆ ಮತ್ತೆ ಹಾಕಿಸಿ ನೋಡಿದಳು. ಮಾತು ಕೂಡಲಿಲ್ಲ. ನಾಳೆ ನೋಡೋಣವೆಂದು ಎದ್ದು ಹೋದಳು.

ಮರುದಿನ ಮೋನಾಳೇ ಬಂದಳು. ಪರದೆಯ ಮೇಲೆ ಉರಿಯುತ್ತಿದ್ದ ಹೆಣ್ಣು ಇಲ್ಲಿ ಮಾಸಿದ ಚೂಡಿದಾರದ, ನೆಗಡಿಯಾದ ಹುಡುಗಿ. ಊರಿಗೆ ಹೊರಟವಳಿಗೆ ಹೋಗುವ ಮೊದಲು ಒಂದು ವಿಷಯ ತಿಳಿಯಬೇಕಾಗಿತ್ತು. ರುಕ್ಮಾಬಾಯಿಯ ಹತ್ತಿರ ಬಂದು ಮೆಲ್ಲಗೆ, ‘ಆಂಟಿ, ಖೂನ್ ಮೈನೇ ಕಿಯಾ ಕ್ಯಾ?’ ಎಂದಳು. ಕೊಲೆ ಮಾಡಿದವಳು ತಾನೋ ಅಲ್ಲವೋ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕೊಲೆಗಾರನಾಗಬೇಕಿದ್ದ ನಟ ಅರ್ಧಕ್ಕೆ ಬಿಟ್ಟುಹೋದ್ದರಿಂದ ಕುಬೇರಪ್ಪ ಕೊಲೆಯನ್ನು ಇವಳ ತಲೆಗೆ ಕಟ್ಟಿದ್ದ.

ರುಕ್ಮಾಬಾಯಿ ತನ್ನ ಹರಕುಮುರುಕು ಹಿಂದಿಯಲ್ಲಿ ಹೌದೆಂದಳು. ಮೋನಾ ದುಪಟ್ಟಾದಿಂದ ಮೂಗೊರೆಸಿಕೊಂಡಳು. ಮೊದಲೇ ಗೊತ್ತಿದ್ದರೆ ಆ ಸಾಯುವವನನ್ನು ಬೇರೆ ಥರ ನೋಡುತ್ತಿದ್ದೆ ಎಂದಳು.

ರುಕ್ಮಾಬಾಯಿ ಆ ದೃಶ್ಯ ಹಾಕಿಸಿ, ಇಲ್ಲಿ ಏನೆಂದೆ ಎಂದು ಕೇಳಿದಳು. ಮೋನಾ ನಾಚಿಕೊಂಡಳು. ಟ್ಯಾಂಕರಿನ ನೀರು ಮೈ ಕೊರೆಯುತ್ತಿತ್ತಂತೆ. ಅಂಕಿ ಮರೆತು, ಚಳಿಯಾಗುತ್ತಿದೆ, ಯಾರಾದರೂ ಟವೆಲ್ ಕೊಡಿ ಎಂದುಬಿಟ್ಟಿದ್ದಳಂತೆ. ಯಾರೂ ಕೊಡಲಿಲ್ಲ. ಶಾಟ್ ಓಕೆ ಆಯಿತು.

ರುಕ್ಮಾಬಾಯಿ ಅವಳಿಗೆ ಕಷಾಯ ಬಗ್ಗಿಸಿಕೊಟ್ಟು ನನ್ನೆದುರು ಬಂದು ನಿಂತಳು. ದೀಪ ಹತ್ತಿತು. ‘ಚಳಿ ಆಗ್ತಿದೆ... ಯಾರಾದ್ರೂ ಟವೆಲ್ ಕೊಡಿ.’ ಭಾಷೆ ಬೇರೆಯಾದರೂ ತುಟಿಗೂ ದನಿಗೂ ಕೂದಲೆಳೆಯ ಅಂತರವೂ ಇರಲಿಲ್ಲ. ಕನ್ನಡ ಬಾರದ ಮೋನಾ ಲೋಟ ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು.

ಅವಳು ರೈಲಿಗೆ ಹೋದ ಮೇಲೆ ಕುಬೇರಪ್ಪ ಬಂದು ಕೇಳಿ ಕೆಂಡವಾದ. ‘ಏನಮ್ಮಾ ಇದು? ಸಾಯೋವಾಗ ಟವೆಲ್ ಕೇಳ್ತಾರಾ?’

‘ಸಾಯೂ ಮುಂದ ಚಳಿ ಆಗ್ತೈತ್ರೀ. ನಮ್ಮವ್ವನೂ ಕೌದಿ ಕೇಳಿದ್ಲು.’

‘ಪಾಪ ಮಾಡ್ದೆ ಅಂದ್ರೇನೇ ಜನಕ್ಕೆ ಸಮಾಧಾನ. ಬದಲಾಯ್ಸಿ.’

‘ನಾ ಮಾತ್ರ ತಿರುಗಿ ಹೇಳಂಗಿಲ್ರೀ.’

ಸಾವಿರಾರು ಜನರೆದುರು ನಿಂತು ಮಾತಾಡಿದ ಆ ದನಿ ಅಂದು ನಡುಗಿದ್ದು ನನಗೆ ಮಾತ್ರ ಕೇಳಿಸಿತು. ಫ್ಲಾಸ್ಕು ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಕುಬೇರಪ್ಪ ಹಳೆಯ ಚಿತ್ರವೊಂದರಿಂದ ಅವಳದೇ ಕಿರಿಚಾಟ ತೆಗೆದು ಅಲ್ಲಿ ಅಂಟಿಸಿದ. ಟವೆಲಿನ ಮಾತು ಅಳಿಸಿಹೋಯಿತು. ಕ್ಯಾಸೆಟ್ಟು ಚೆನ್ನಾಗಿ ಓಡಿತು. ಆದರೆ ಕೊನೆಯವರೆಗೆ ಯಾರೂ ನೋಡಲಿಲ್ಲ, ಬೇಕಾದ ಜಾಗಕ್ಕೆ ಓಡಿಸಿ ನೋಡಿ ವಾಪಸು ಕೊಟ್ಟರು ಎಂದು ಅಂತೋಣಿ ಹೇಳಿದ. ಕುಬೇರಪ್ಪ ರುಕ್ಮಾಬಾಯಿಯನ್ನು ಮತ್ತೆ ಕರೆಯಲಿಲ್ಲ. ಮುಂದೆ ಎಷ್ಟೋ ಕಾಲಕ್ಕೆ ಅಂತೋಣಿ ಬಾಗಲಕೋಟೆ ಕಡೆ ಹೋದಾಗ ಒಂದು ಬಸ್ ನಿಲ್ದಾಣದಲ್ಲಿ ಅವಳ ದನಿ ಕೇಳಿದನಂತೆ. ಯಾವ ಬಸ್ಸು ಎಲ್ಲಿ ನಿಂತಿದೆಯೆಂದು ಮೈಕಿನಲ್ಲಿ ಹೇಳುತ್ತಿದ್ದಳು. ಜನ ಅವಳು ಹೇಳಿದ ಕಡೆಗೇ ಗಂಟುಮೂಟೆ ಹೊತ್ತು ಓಡುತ್ತಿದ್ದರಂತೆ.

ಆಮೇಲೆ ಸೀಡಿ ಬಂತು, ಮೊಬೈಲು ಬಂತು, ಕೋಣೆ ಮುಚ್ಚಿತು. ನಾನು ಮದುವೆ ಆರ್ಕೆಸ್ಟ್ರಾದವರ ಕೈಗೆ ಬಿದ್ದೆ, ಚುನಾವಣೆಯ ಆಟೋ ಹತ್ತಿದೆ. ಈಗ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ, ಕೆಟ್ಟ ರಿಮೋಟುಗಳ ನಡುವೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿದ್ದೇನೆ.

ಆ ಚಿತ್ರಗಳು ಕೆಟ್ಟವೇ, ನಾನು ಇಲ್ಲವೆನ್ನುವುದಿಲ್ಲ. ಮಳೆ ಸುಳ್ಳು, ಕೊಲೆ ಸುಳ್ಳು, ನರಳಾಟ ಸುಳ್ಳು. ಆದರೆ ಸುಳ್ಳು ನರಳಾಟಕ್ಕೂ ನಿಜವಾದ ಉಸಿರೇ ಬೇಕು. ಹಾಗೆ ಉಸಿರು ಕೊಟ್ಟು ದಣಿದವರ ಹೆಸರು ಯಾವ ಡಬ್ಬಿಯ ಮೇಲೂ ಇರಲಿಲ್ಲ. ನನ್ನ ತಂತಿ ಕಿತ್ತುಹೋಗಿದೆ. ಏನು ಕೇಳಿದರೂ ಇನ್ನು ಎಲ್ಲಿಗೂ ತಲುಪಿಸಲಾರೆ.