ದರ್ಶಿನಿ ಓದುವವರೆಗೆ

"ಭೂಮಿ! ಬೂಮಿ ಅಲ್ಲ, ಭೂಮಿ! ಉಸಿರು ಬಿಟ್ಟು ಹೇಳು!"

ಕೊನೆಯ ಬೆಂಚಿನಿಂದ ಉದಯಶಂಕರ ಸರ್ ಕೂಗಿದ ರಭಸಕ್ಕೆ ಪದ್ಯ ಓದುತ್ತಾ ಹಲಗೆಗೆ ಬರೆಯುತ್ತಿದ್ದ ಯೋಗೇಶ್ವರಿಯ ಕೈಯ ಸೀಮೆಸುಣ್ಣ ಅರ್ಧ ಅಕ್ಷರದಲ್ಲೇ ನಿಂತಿತು. ಪುತ್ತೂರಿನ ಬಿ.ಎಡ್. ಕಾಲೇಜಿನಿಂದ ಸುಳ್ಯದ ಕಡೆಯ ಈ ಹೈಸ್ಕೂಲಿಗೆ ಅಭ್ಯಾಸ ಪಾಠಕ್ಕೆಂದು ಬಂದವರಲ್ಲಿ ಅವಳೊಬ್ಬಳು. ಅವರ ಪಾಠ ನೋಡಿ, ತಿದ್ದಿ, ಅಂಕ ಕೊಡಬೇಕಾದವರು ಕಾಲೇಜಿನ ಉದಯಶಂಕರ ಸರ್.

"ಬೂಮಿ," ಎಂದಳು.

"ಪುನಃ."

"ಬೂ... ಭೂಮಿ."

"ಗಂಟಲಲ್ಲಿ ಎಂತ ಸಿಕ್ಕಿಕೊಂಡದ್ದು? ಸಿಲೋನಾ?" ಸರ್ ಮಕ್ಕಳ ಕಡೆ ತಿರುಗಿದರು. "ಈ ಟೀಚರಿಗೆ ಯಾರು ಹೇಳಿಕೊಡ್ತೀರಿ?"

ಮುಂದಿನ ಬೆಂಚಿನ ಅಕ್ಷಿತ್ ಎದ್ದು, ಎದೆಯುಬ್ಬಿಸಿ ಹೇಳಿದ. ಎಂಟನೆಯ ತರಗತಿ ಗೊಳ್ಳೆಂದು ನಕ್ಕಿತು. ನಗದೆ ತಲೆ ತಗ್ಗಿಸಿದವಳು ಕಿಟಕಿಯ ಬದಿಯ ದರ್ಶಿನಿ ಒಬ್ಬಳೇ. ಅವಳೂ ಯೋಗೇಶ್ವರಿಯೂ ಒಂದೇ ರಬ್ಬರ್ ತೋಟದ ಲೈನುಮನೆಗಳಲ್ಲಿ, ಕೂಲಿಗಳ ಸಾಲುಮನೆಗಳಲ್ಲಿ, ಹುಟ್ಟಿದವರು. ಲಂಕೆಯ ಚಹಾತೋಟಗಳಿಂದ ಹಡಗಿನಲ್ಲಿ ತಂದು ಇಳಿಸಿದ ತಮಿಳು ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು. ಅವರ ಅಮ್ಮಂದಿರು ಈಗಲೂ ಬೆಳಕು ಹರಿಯುವ ಮೊದಲೇ ರಬ್ಬರ್ ಮರ ಕೆತ್ತಿ ಹಾಲಿಳಿಸಲು ಹೋಗುತ್ತಾರೆ. ಊರಿನ ಬಾಯಲ್ಲಿ ಅವರು ಇನ್ನೂ 'ಸಿಲೋನಿನವರು'.

ಪಾಠ ಮುಗಿದ ಮೇಲೆ ಸರ್ ಅವಳನ್ನು ಜಗಲಿಗೆ ಕರೆದರು.

"ನೀನು ಮೂಲ ಎಲ್ಲಿಯವಳು?"

"ಇಲ್ಲೇ ಸುಳ್ಯ ಸರ್."

"ಅದಲ್ಲ ಮಾರಾಯ್ತಿ, ಮೂಲ."

"ಅಜ್ಜ ಬಂದದ್ದು ಸರ್. ಅಪ್ಪ, ಅಮ್ಮ, ನಾನು ಎಲ್ಲ ಹುಟ್ಟಿದ್ದು ಇಲ್ಲೇ."

"ಹೌದಲ್ಲ, ಸಿಲೋನು. ನಿನಗೆ ಕನ್ನಡ ಯಾಕೆ ಬೇಕಿತ್ತು? ತಮಿಳುನಾಡಿಗೆ ಹೋಗಿ ತಮಿಳು ಕಲಿಸಬಹುದಿತ್ತಲ್ಲ?"

"ನನಗೆ ತಮಿಳು ಓದ್ಲಿಕ್ಕೆ ಬರುದಿಲ್ಲ ಸರ್. ಕಲಿತದ್ದು ಕನ್ನಡ ಮಾತ್ರ."

ಸರ್ ನಕ್ಕರು. "ಹಾಗಾದರೆ ಎರಡೂ ಇಲ್ಲ ಅಂತಾಯ್ತು. ನಾಳೆಯಿಂದ ನೀನು ಚಾರ್ಟ್ ಅಂಟಿಸು. ನಿನ್ನ ಪಾಠ ಅನಘಾ ಮಾಡ್ಲಿ. ಪರೀಕ್ಷೆಯ ಪಾಠದ ದಿನ ಎಂತ ಮಾಡ್ತಿ ಅಂತ ನೋಡುವ."

ಮರುದಿನ ಅದೇ ಪದ್ಯವನ್ನು ಅವಳ ಜೊತೆ ಅಭ್ಯಾಸ ಪಾಠಕ್ಕೆ ಬಂದಿದ್ದ ಅನಘಾ ಪಕ್ಕದ ವಿಭಾಗಕ್ಕೆ ಹೇಳಿಕೊಟ್ಟಳು. ಅವಳೂ ಬೂಮಿ ಎಂದೇ ಓದಿದಳು. ಈ ಊರಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಉದಯಶಂಕರ ಸರ್ ತಲೆದೂಗಿ, "ನಿಮ್ಮ ಸ್ವರ ಭಾರಿ ಚಂದ ಉಂಟು," ಎಂದರು. ಗೋಡೆಗೆ ಚಾರ್ಟ್ ಒತ್ತಿ ಹಿಡಿದು ನಿಂತಿದ್ದ ಯೋಗೇಶ್ವರಿಗೆ ಅದು ಕೇಳಿಸಿತು.

ಮಧ್ಯಾಹ್ನ ಅನಘಾ ತಾನಾಗಿಯೇ ಹತ್ತಿರ ಬಂದಳು. "ನಾನೂ ಹಾಗೇ ಹೇಳಿದ್ದು ಮಾರಾಯ್ತಿ. ನನಗೆ ಗೊತ್ತಾಯ್ತು."

"ಹಾಗಾದ್ರೆ ಸರ್ ಹತ್ರ ಹೇಳ್ತೀಯಾ?"

ಅನಘಾ ಬುತ್ತಿಯ ಮುಚ್ಚಳವನ್ನು ತೆಗೆದು, ಮುಚ್ಚಿ, ಮತ್ತೆ ತೆಗೆದಳು. "ನಂದೂ ಪರೀಕ್ಷೆ ಬಾಕಿ ಉಂಟಲ್ಲ."

ಎಂಟನೆಯ ತರಗತಿಯ ಕನ್ನಡ ಟೀಚರ್ ಶೀಲಾವತಿ ಎಲ್ಲವನ್ನೂ ನೋಡಿದ್ದರು. ಯೋಗೇಶ್ವರಿಯ ಬೆನ್ನು ಸವರಿ, "ಬಾಯಿ ಮುಚ್ಚಿಕೊಂಡು ಪಾಸಾಗು ಮಗಾ. ಕೆಲಸ ಸಿಕ್ಕಿದ ಮೇಲೆ ಬಾಯಿ ಬಿಟ್ಟರಾಯ್ತು," ಎಂದರು.

"ನೀವು ಬಿಟ್ಟಿದ್ದೀರಾ ಟೀಚರ್?"

ಶೀಲಾವತಿಯ ಕೈ ಅವಳ ಬೆನ್ನಿನಿಂದ ಇಳಿಯಿತು.

ಸಂಜೆ ಲೈನಿನಲ್ಲಿ, ಕೈಗೆ ಹತ್ತಿದ ರಬ್ಬರ್ ಹಾಲನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದ ಅಮ್ಮ ತವಮಣಿಗೆ ಸುದ್ದಿ ಹೇಳಿದಾಗ ಅವಳು ಇಡೀ ಲೈನಿಗೆ ಕೇಳುವಂತೆ ಬೈದಳು. "ಬೇವರ್ಸಿ ನಾಯಿ! ಅವನ ನಾಲಿಗೆಗೆ ಹುಳ ಬೀಳ! ನಮ್ಮ ಕೈಯ ಹಾಲು ಬೇಕು, ನಮ್ಮ ಬಾಯಿಯ ಮಾತು ಬೇಡವಾ ಇವರಿಗೆ?" ಬೈದು ಸುಸ್ತಾದ ಮೇಲೆ ಮೆಟ್ಟಿಲ ಮೇಲೆ ಕುಳಿತು, ಮೆಲ್ಲಗೆ ಹೇಳಿದಳು: "ಹೋಗಿ ಅವನ ಕಾಲು ಹಿಡಿ ಮಗಳೇ. ನೀನು ಮರ ಕೆತ್ತುದು ಬೇಡ."

ಅಷ್ಟರಲ್ಲಿ ಪಕ್ಕದ ಮನೆಯಿಂದ ದರ್ಶಿನಿಯ ತಾಯಿ ಬಂದಳು. ದರ್ಶಿನಿ ಶಾಲೆಯಲ್ಲಿ ಬಾಯಿಯನ್ನೇ ಬಿಡುತ್ತಿಲ್ಲವಂತೆ. ಹಾಜರಿಗೂ ಕೈಯೆತ್ತುತ್ತಾಳಂತೆ, ಅಷ್ಟೇ. ಯೋಗೇಶ್ವರಿ ಹೋಗಿ ಕೇಳಿದಾಗ ಹುಡುಗಿ ಹೊಸ್ತಿಲನ್ನು ಉಗುರಿನಿಂದ ಕೆರೆಯುತ್ತಾ ಕೂತಳು.

"ಓದು ಅಂದ್ರೆ ಎಷ್ಟು ಚಂದ ಓದುತ್ತಿದ್ದೆ. ಎಂತಾಯ್ತು?"

"ಟೀಚರಾದ ನಿಮಗೇ ನಗ್ತಾರಲ್ಲ ಅಕ್ಕ," ಎಂದಳು ದರ್ಶಿನಿ.

ಪರೀಕ್ಷೆಯ ಪಾಠದ ದಿನ ಉದಯಶಂಕರ ಸರ್ ಹಿಂದಿನ ಬೆಂಚಿನಲ್ಲಿ ಕುಳಿತರು, ಪಕ್ಕದಲ್ಲಿ ಶೀಲಾವತಿ ಟೀಚರ್. ಯೋಗೇಶ್ವರಿ ಪದ್ಯ ಬರೆದಳು, ಅರ್ಥ ಹೇಳಿದಳು, ಪ್ರಶ್ನೆ ಕೇಳಿದಳು. ಎಲ್ಲೂ ತೊಡರಲಿಲ್ಲ. ಸರ್‌ಗೆ ಬರೆಯಲು ಏನೂ ಸಿಗದೆ ಪೆನ್ನು ಬೆರಳುಗಳ ನಡುವೆ ತಿರುಗುತ್ತಿತ್ತು. ಇನ್ನು ಮಕ್ಕಳಿಂದ ಓದಿಸಬೇಕು. ಅಕ್ಷಿತನ ಕೈ ಆಗಲೇ ಮೇಲಿತ್ತು. ಅವನನ್ನು ಎಬ್ಬಿಸಿದ್ದರೆ ಪಾಠ ಸಲೀಸಾಗಿ ಮುಗಿಯುತ್ತಿತ್ತು.

"ದರ್ಶಿನಿ, ನೀನು ಓದು."

ದರ್ಶಿನಿ ಎದ್ದಳು. ಪುಸ್ತಕ ಹಿಡಿದಳು. ತರಗತಿ ಕಾಯಿತು. ಹಿಂದೆ ಯಾರೋ ಕಿಸಕ್ಕೆಂದರು.

"ಬೇರೆಯವರನ್ನು ಎಬ್ಬಿಸು. ಸಮಯ ಹೋಗ್ತಾ ಉಂಟು," ಎಂದರು ಸರ್.

"ಇವಳೇ ಓದ್ತಾಳೆ ಸರ್. ನಾನು ಕಾಯ್ತೇನೆ."

"ಅದು ಬಾಯಿ ಬಿಡುದಿಲ್ಲ. ಲೈನಿನ ಮಕ್ಕಳ ಕತೆಯೇ ಅಷ್ಟು. ಅಕ್ಷಿತ್, ಏಳು."

ಅಕ್ಷಿತ್ ಎದ್ದ.

"ಕೂತುಕೋ," ಎಂದಳು ಯೋಗೇಶ್ವರಿ. "ಇದು ನನ್ನ ಕ್ಲಾಸು ಸರ್. ಇವಳ ಬಾಯಿ ಮುಚ್ಚಿಸಿದ್ದು ನೀವು. ಇವಳು ಓದದೆ ಈ ಪಾಠ ಮುಗಿಯುದಿಲ್ಲ."

ಅಕ್ಷಿತ್ ಇಬ್ಬರನ್ನೂ ನೋಡಿ ಕುಳಿತ. ಯಾರೂ ಮತ್ತೆ ನಗಲಿಲ್ಲ. ಸರ್ ಮುಖ ಕೆಂಪಾಗಿ ಮೇಲೆದ್ದರು. "ಈ ವರ್ಷ ನೀನು ಪಾಸಾಗುದು ನಾನೂ ನೋಡ್ತೇನೆ! ಟೀಚರ್, ಬನ್ನಿ ಹೋಗುವ." ಅವರ ಚಪ್ಪಲಿಯ ಸದ್ದು ಜಗಲಿಯುದ್ದಕ್ಕೂ ಕೇಳಿಸಿತು. ಶೀಲಾವತಿ ಅರ್ಧ ಎದ್ದವರು ಬೆಂಚಿನ ಅಂಚನ್ನು ಹಿಡಿದು ಹಾಗೆಯೇ ಉಳಿದರು. ಹೋಗಲೂ ಇಲ್ಲ, ಕೂರಲೂ ಇಲ್ಲ.

ಯೋಗೇಶ್ವರಿ ಕಿಟಕಿಯ ಬಳಿ ಬಂದು ದರ್ಶಿನಿಯ ಪಕ್ಕ ನಿಂತಳು. ಹುಡುಗಿಯ ಕಣ್ಣಿನಿಂದ ಪುಸ್ತಕದ ಮೇಲೆ ಹನಿ ಬಿತ್ತು. ತುಟಿ ಅಲುಗಿತು, ಸ್ವರ ಬರಲಿಲ್ಲ.

"ಅವಸರ ಇಲ್ಲ ಮಗಾ," ಎಂದಳು.

ಗಂಟೆ ಹೊಡೆಯಿತು. ಮುಂದಿನ ಪಿರಿಯಡಿನ ಗಣಿತದ ಮಾಸ್ಟ್ರು ಬಾಗಿಲಲ್ಲಿ ಬಂದು ನಿಂತರು. ಯೋಗೇಶ್ವರಿ ಕದಲಲಿಲ್ಲ.