ಐಸಿಲ್ಲದೆ ಹೊಳೆ ದಾಟಿದ ದಿನ

ನಾನು ಒಂದು ಲಸಿಕೆ ಪೆಟ್ಟಿಗೆ. ಮೈ ನೀಲಿ, ಮುಚ್ಚಳ ಬಿಳಿ, ಹೆಗಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ. ದೂರದಿಂದ ನೋಡಿದ ಮಕ್ಕಳು ಐಸ್‌ಕ್ರೀಮ್ ಡಬ್ಬಿ ಅಂದುಕೊಳ್ಳುತ್ತಾರೆ. ಹತ್ತಿರ ಬಂದವರು ಆ ತಪ್ಪನ್ನು ಎರಡನೇ ಸಲ ಮಾಡುವುದಿಲ್ಲ. ಕಾರ್ಖಾನೆಯ ಅಚ್ಚಿನಲ್ಲಿ ಕುದಿಯುವ ಪ್ಲಾಸ್ಟಿಕ್ಕಾಗಿ ಹುಟ್ಟಿದ ನನಗೆ ಜೀವನವಿಡೀ ತಣ್ಣಗಿರುವ ಕೆಲಸ ಕೊಟ್ಟರು.

ಮೊದಲ ಎರಡು ವರ್ಷ ಜಿಲ್ಲಾ ಉಗ್ರಾಣದಲ್ಲಿ ಕಳೆದವು. ಅಲ್ಲಿನ ಗುಮಾಸ್ತರು ನನ್ನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಸರ್ಕಾರಿ ಸೇವೆಗೆ ಸೇರಿದೊಡನೆ ಕೆಲಸವೂ ಇರಬೇಕೆಂಬ ನಿಯಮವೇನಿಲ್ಲ ಎಂದು ಸುಮ್ಮನಿದ್ದೆ. ಆಮೇಲೆ ಕೃಷ್ಣೆಯ ದಂಡೆಯ ಒಂದು ಉಪಕೇಂದ್ರಕ್ಕೆ, ನರ್ಸ್ ನೀಲಗಂಗಮ್ಮನ ಹೆಗಲಿಗೆ ಬಂದೆ.

ಹೊಳೆಯ ನಡುವೆ ಕಣದಗಡ್ಡಿ ಎಂಬ ನಡುಗಡ್ಡೆ ಇದೆ. ಇಪ್ಪತ್ತೆರಡು ಮನೆ, ಹರಿಗೋಲೊಂದೇ ದಾರಿ. ಲಸಿಕೆಯ ದಿನ ಬೆಳಗ್ಗೆ ನೀಲಗಂಗಮ್ಮನದೊಂದು ಶಾಸ್ತ್ರ. ಫ್ರೀಜರಿನಿಂದ ನಾಲ್ಕು ಐಸ್‌ಪ್ಯಾಕ್ ತೆಗೆದು ಮೇಜಿನ ಮೇಲಿಟ್ಟು, ಅವು ಬೆವರುವ ತನಕ ಕಾದು, ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸುವಳು. ಒಳಗೆ ನೀರು ಗುಳುಗುಳು ಎಂದರೆ ಮಾತ್ರ ನನ್ನೊಳಗೆ ಪ್ರವೇಶ. ತಂಪಿಲ್ಲದಿದ್ದರೆ ಲಸಿಕೆ ಕೆಡುತ್ತದೆ; ಕಲ್ಲಿನಂಥ ಐಸು ತಗುಲಿದರೂ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಕೆಟ್ಟುಹೋಗುತ್ತವೆ.

ಒಂದು ದಿನ ಅವಳು ಮೀಟಿಂಗಿನಿಂದ ಬರುವುದು ತಡವಾಯಿತು. ಎಷ್ಟು ತಂಪಾದರೆ ಅಷ್ಟು ಒಳ್ಳೆಯದೆಂದು ನಂಬಿದ್ದ ಜೀಪಿನ ಡ್ರೈವರ್, ಉಪಕಾರ ಮಾಡಲು ಹೋಗಿ, ಗಟ್ಟಿ ಐಸನ್ನೇ ತುಂಬಿಟ್ಟ. ಅವಸರದಲ್ಲಿ ನೀಲಗಂಗಮ್ಮ ಅಲ್ಲಾಡಿಸಿ ನೋಡದೆ ಹೊರಟಳು. ತಿಳಿದದ್ದು ಗಡ್ಡೆಯಲ್ಲಿ ನನ್ನ ಮುಚ್ಚಳ ತೆಗೆದಾಗ. ಎದುರಿಗೆ ಗದ್ದೆಮ್ಮ ಕೂತಿದ್ದಳು. ದಡಾರಕ್ಕೆ ಒಂದು ಮೊಮ್ಮಗುವನ್ನು ಕಳೆದುಕೊಂಡವಳು. ಆದರೂ ಸೂಜಿಯೆಂದರೆ ಅನುಮಾನ. ಇನ್ನೊಬ್ಬ ಮೊಮ್ಮಗನನ್ನು ಎತ್ತಿಕೊಂಡು ಅಂದೇ ಮೊದಲ ಸಲ ಬಂದಿದ್ದಳು. ಸುಮ್ಮನೆ ಚುಚ್ಚಿ ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹೆಪ್ಪುಗಟ್ಟೈತಿ ಆಯಿ," ಎಂದಳು ನೀಲಗಂಗಮ್ಮ. "ಹಾಕಿದ್ರ ಕೂಸಿಗೆ ನೋವಷ್ಟ, ಫಾಯ್ದೆ ಇಲ್ಲ. ನಾ ಹಾಕಂಗಿಲ್ಲ."

"ಎಂಟ್ ತಿಂಗ್ಳು ಹಾಕ್ಸು ಹಾಕ್ಸು ಅಂತ ಜೀವ ತಿಂದಿ. ಇವತ್ತ ನಾ ಬಂದ್ರ ನೀ ಒಲ್ಲೆ ಅಂತಿ," ಎಂದು ಗದ್ದೆಮ್ಮ ಎದ್ದುಹೋದಳು.

ಮುಂದಿನ ವಾರ ಅವಳೇ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಅಂದಿನಿಂದ ಗಡ್ಡೆಯಲ್ಲಿ ಐಸ್‌ಪ್ಯಾಕ್ ಅಲ್ಲಾಡಿಸಿ ನೋಡುವ ಅಧಿಕಾರ ಅವಳದಾಯಿತು. ಅವಳು ಹೂಂ ಅನ್ನದೆ ಯಾರೂ ಮಗುವಿನ ತೋಳು ಒಡ್ಡುತ್ತಿರಲಿಲ್ಲ.

ಹನ್ನೊಂದು ವರ್ಷ ಹೀಗೇ ನಡೆಯಿತು. ನನ್ನ ಕೊಂಡಿ ಮುರಿದು, ಅಲ್ಲಿಗೆ ಬ್ಯಾಂಡೇಜ್ ಬಟ್ಟೆ ಬಂತು. ಆಗ ದಡಾರಕ್ಕೆ ಹೊಸ ಬಗೆಯ ಲಸಿಕೆ ಬಂದಿದೆಯೆಂದರು. ಉಗುರಗಲದ ಪಟ್ಟಿ, ಅದರ ಒಂದು ಮಗ್ಗುಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆಗಳು. ತೋಳಿಗೆ ಒತ್ತಿ ಐದು ನಿಮಿಷ ಬಿಟ್ಟರೆ ಮೊನೆಗಳು ಚರ್ಮದಲ್ಲಿ ಕರಗಿ ಲಸಿಕೆ ಒಳಸೇರುತ್ತದೆ. ಸಿರಿಂಜು ಬೇಡ, ಕೆಲವು ದಿನ ಐಸೂ ಬೇಡ. ನೀಲಗಂಗಮ್ಮ ಆ ತರಬೇತಿ ಪುಸ್ತಿಕೆಯನ್ನು ನನ್ನ ಮೇಲೆಯೇ ಇಟ್ಟು ಓದಿದಳು. ತಂತಮ್ಮ ನಿವೃತ್ತಿಯ ಆದೇಶವನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಅದೇ ತಿಂಗಳು ಆಚೆ ದಂಡೆಯ ಊರಿನಲ್ಲಿ ದಡಾರ ಕಾಣಿಸಿತು. ಗದ್ದೆಮ್ಮನ ಮನೆಯಲ್ಲಿ ಒಂಬತ್ತು ತಿಂಗಳ ಮೊಮ್ಮಗಳಿದ್ದಳು. ನೀಲಗಂಗಮ್ಮ ಪಟ್ಟಿಗಳ ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡು ಹೋದಳು. ಒಂದನ್ನೂ ಹಚ್ಚದೆ ವಾಪಸು ಬಂದಳು. ಪೆಟ್ಟಿಗೆ ಎಲ್ಲಿ ಎಂದು ಗದ್ದೆಮ್ಮ ಕೇಳಿದಳಂತೆ. ತಂಪಿಲ್ಲದ ಲಸಿಕೆ ಕೆಟ್ಟದ್ದೆಂದು ನೀಲಗಂಗಮ್ಮನೇ ಅಲ್ಲವೇ ಊರಿಗೆಲ್ಲ ಕಲಿಸಿದ್ದು. ಹನ್ನೊಂದು ವರ್ಷದ ಪಾಠ ಚೆನ್ನಾಗಿಯೇ ನಾಟಿತ್ತು.

ಮರುದಿನ ಲಕೋಟೆಯನ್ನು ನನ್ನೊಳಗಿಟ್ಟು ಹೊರಟಳು. ಐಸ್ ಹಾಕಲಿಲ್ಲ. ಬೆಚ್ಚಗಿನ ಹೊಟ್ಟೆಯಲ್ಲಿ ಹೊಳೆ ದಾಟುವಾಗ ನನಗೆ ವೇಷ ಹಾಕಿಸಿದಂತಾಗಿ ನಾಚಿಕೆಯಾಯಿತು. ನನ್ನನ್ನು ತೋರಿಸಿ ಮುದುಕಿಯನ್ನು ನಂಬಿಸುತ್ತಾಳೆಂದೇ ತಿಳಿದಿದ್ದೆ. ಅವಳು ಮಾತ್ರ ಕಟ್ಟೆಯ ಮೇಲೆ ನನ್ನನ್ನು ಇಳಿಸಿ, ಮುಚ್ಚಳ ತೆಗೆದು, ಕೈಹಾಕಿ ನೋಡು ಎಂದಳು. ಗದ್ದೆಮ್ಮನ ಕೈ ನನ್ನ ನಾಲ್ಕೂ ಗೋಡೆ ತಡಕಿತು.

"ಐಸ್ ಇಲ್ಲ. ಪೆಟ್ಟಿಗಿ ಕೇಳಿದಿ, ತಂದೀನಿ," ಎಂದಳು ನೀಲಗಂಗಮ್ಮ. "ಇದಕ್ಕ ಐಸ್ ಬೇಕಾಗಿಲ್ಲ ಆಯಿ. ಲಕೋಟಿ ಮ್ಯಾಲಿನ ಬೊಟ್ಟು ನೋಡು. ಕೆಟ್ರ ಅದು ಕಪ್ಪಾಗತೈತಿ. ಕಪ್ಪಾಗಿದ್ರ ನಾನ ಹಚ್ಚಂಗಿಲ್ಲ, ನಿನಗ ಗೊತ್ತೈತಿ."

ಗದ್ದೆಮ್ಮ ಲಕೋಟೆಯನ್ನು ಬೆಳಕಿಗೆ ಹಿಡಿದಳು. ಬೊಟ್ಟು ಬೆಳ್ಳಗಿತ್ತು. ಸೊಸೆಗೆ ತೋರಿಸಿದಳು, ಪಕ್ಕದ ಮನೆಯವಳಿಗೆ ತೋರಿಸಿದಳು. ಕೊನೆಗೆ ಮೊಮ್ಮಗಳ ತೋಳನ್ನು ತಾನೇ ಹಿಡಿದಳು. ನೀಲಗಂಗಮ್ಮ ಪಟ್ಟಿ ಒತ್ತಿ, ಗಡಿಯಾರ ನೋಡಿ ಐದು ನಿಮಿಷ ಎಣಿಸಿದಳು. ಮಗು ನನ್ನ ಹೆಗಲಪಟ್ಟಿ ಚೀಪುತ್ತಾ ಕೂತಿತ್ತು.

"ಕೂಸು ಅಳಲೇ ಇಲ್ಲ," ಎಂದಳು ಗದ್ದೆಮ್ಮ ಅಸಮಾಧಾನದಿಂದ. "ಒಳಗ ಹೋತಂತ ಹೆಂಗ ತಿಳೀಬೇಕು?"

ಅಂದು ಹದಿಮೂರು ಮಕ್ಕಳಿಗೆ ಪಟ್ಟಿ ಹಚ್ಚಿದರು.

ಈಗ ನಾನು ಉಪಕೇಂದ್ರದ ಮೂಲೆಯಲ್ಲಿದ್ದೇನೆ. ಐಸು ಬೇಡುವ ಲಸಿಕೆಗಳು ಇನ್ನೂ ಕೆಲವಿವೆ. ತಿಂಗಳಿಗೊಮ್ಮೆ ನನ್ನನ್ನು ಕರೆಯುತ್ತಾರೆ. ಉಳಿದ ದಿನ ಬಿಡುವು. ನನಗಿಂತ ಹಗುರವಾದದ್ದು ಬಂದು ನೀಲಗಂಗಮ್ಮನ ಹೆಗಲು ಉಳಿಯಿತು. ಅದಕ್ಕೆ ಬೇಸರಪಡುವಷ್ಟು ಸಣ್ಣ ಪೆಟ್ಟಿಗೆ ನಾನಲ್ಲ.

ನಿನ್ನೆ ಅವಳು ಮೇಲಿನ ಕಚೇರಿಗೆ ಫೋನಿನಲ್ಲಿ ವರದಿ ಕೊಡುತ್ತಿದ್ದಳು. ಆಚೆ ದಂಡೆಯಲ್ಲಿ ದಡಾರ ಇಳಿಯಿತು. ಕಣದಗಡ್ಡಿಯಲ್ಲಿ ಏನಾಯಿತೆಂದು ಅತ್ತಲಿಂದ ಕೇಳಿರಬೇಕು.

"ಏನೂ ಆಗಿಲ್ಲ ಸರ್," ಎಂದಳು.

ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ.